ಮೂರನೇ ಮಹಡಿಯ ಜೆಟ್

ನಮ್ಮ ಕಟ್ಟಡದಲ್ಲಿ ಹದಿನಾರು ಮನೆಗಳಿವೆ. ಹಿಂಭಾಗದಲ್ಲಿ ಒಂದು ಬಾವಿ, ತಾರಸಿಯ ಮೇಲೆ ಒಂದು ಟ್ಯಾಂಕು. ಬಾವಿಯ ನೀರನ್ನು ಟ್ಯಾಂಕಿಗೆ ಏರಿಸುವ ಜೆಟ್ ಪಂಪು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತಿರುತ್ತದೆ. ಅದನ್ನು ಪೂರ್ತಿ ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ನಮಗ್ಯಾರಿಗೂ ಇಲ್ಲ. ಜೆಟ್ ಹಾಕಿದ್ರಾ ಅನ್ನುತ್ತೇವೆ, ಜೆಟ್ ಆರಿಸಿ ಅನ್ನುತ್ತೇವೆ, ಅಷ್ಟೆ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹನ್ನೊಂದು ದಿನ ಹದಿನಾರು ಸಂಸಾರಗಳು ಬಕೆಟ್ ಹೊತ್ತು ಮೆಟ್ಟಿಲು ಹತ್ತಿದ್ದು ಈ ಒಂದು ಪದದ ದೆಸೆಯಿಂದ. ನಾನೂ ಹೊತ್ತಿದ್ದೇನೆ. ಬೇಕಾದರೆ ನನ್ನ ಸೊಂಟವನ್ನು ಕೇಳಬಹುದು.

ಕಥೆ ನನ್ನದಲ್ಲ, ಮೂರನೇ ಮಹಡಿಯಲ್ಲಿ ನನ್ನ ಎದುರು ಬಾಗಿಲಿನಲ್ಲಿರುವ ಗುಮಾಸ್ತರದ್ದು. ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವ ಮನುಷ್ಯ. ಬೇರೆಯವರ ಪೊಟ್ಟಣಗಳನ್ನು ತೂಗುವುದು, ದಾರ ಸಡಿಲವಾಗಿದೆ ಎಂದು ಹಿಂದಕ್ಕೆ ಕೊಡುವುದು, ಇಷ್ಟೇ ಅವರ ಕೆಲಸ. ಸಾಧು ಸ್ವಭಾವ. ಅವರಿಗಿರುವುದು ಒಂದೇ ಒಂದು ತೊಂದರೆ, ಅವರ ಷಡ್ಡಕ. ಅಂದರೆ ಹೆಂಡತಿಯ ಅಕ್ಕನ ಗಂಡ.

ಈ ಷಡ್ಡಕ ಊರಿನ ಇನ್ನೊಂದು ತುದಿಯಲ್ಲಿ ಸ್ವಂತ ಮನೆಯಲ್ಲಿದ್ದಾನೆ. ಗುಮಾಸ್ತರು ಸೈಕಲ್ ಕೊಂಡ ವಾರ ಅವನು ಸ್ಕೂಟರ್ ಕೊಂಡಿದ್ದ. ಇವರು ಸ್ಕೂಟರ್ ಕೊಂಡ ವಾರ ಅವನ ಮನೆ ಮುಂದೆ ಕಾರು ನಿಂತಿತ್ತು. ಈ ಸಲ ಭಾನುವಾರ ಊಟಕ್ಕೆ ಕರೆದು, ಎಲೆಕ್ಟ್ರಿಕ್ ಜೇನುಹುಳದಂತೆ ಗುಂಯ್ಗುಡುವ ನಾಲ್ಕು ರೆಕ್ಕೆಯ ಡ್ರೋನನ್ನು ಅಂಗಳದಿಂದ ಮೇಲಕ್ಕೆ ಬಿಟ್ಟು, ಗುಮಾಸ್ತರ ಬೋಳು ನೆತ್ತಿಯನ್ನು ಮೇಲಿನಿಂದ ಫೋಟೋ ತೆಗೆದು ಎಲ್ಲರಿಗೂ ತೋರಿಸಿದ. ಎಲ್ಲರೂ ನಕ್ಕರು. ಗುಮಾಸ್ತರ ಹೆಂಡತಿಯೂ ನಕ್ಕರು. ಗುಮಾಸ್ತರಿಗೆ ಸಹಿಸಲಾಗದೆ ಹೋದದ್ದು ಅದು.

"ಡ್ರೋನ್ ತಾನೇ ಹಾರತ್ತೆ, ಅದರಲ್ಲಿ ನಮ್ಮ ಕೈಚಳಕ ಏನೂ ಇರಲ್ಲ," ಎಂದರು ಗುಮಾಸ್ತರು, ಬಾಯಿ ಒರೆಸಿಕೊಳ್ಳುತ್ತ. "ಜೆಟ್ ಹಾರಿಸೋದು ಬೇರೆ ವಿಷಯ. ನನ್ನ ಹತ್ರ ಒಂದಿದೆ."

ಷಡ್ಡಕನ ನಗು ಒಂದು ಕ್ಷಣ ನಿಂತಿತು. ಆ ಒಂದು ಕ್ಷಣದ ಸುಖಕ್ಕೆ ಗುಮಾಸ್ತರು ಮುಂದೆ ಎರಡು ವಾರ ಬೆಲೆ ತೆತ್ತರು. ಷಡ್ಡಕ ಸುಧಾರಿಸಿಕೊಂಡು, ಹಾಗಾದರೆ ಇದರ ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ನೋಡಲು ಬರುತ್ತೇನೆ ಎಂದ.

ಇಲ್ಲದ ಜೆಟ್ಟನ್ನು ಹುಡುಕಿಕೊಂಡು ಗುಮಾಸ್ತರು ಸೋಮವಾರ, ಮಂಗಳವಾರ ಆಟಿಕೆ ಅಂಗಡಿಗಳನ್ನು ಸುತ್ತಿದರು. ಬುಧವಾರ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ, ಮುರಿದ ಮಂಚ ಮತ್ತು ಪದ್ಯ ಬರೆದ ಗೋಡೆ ಗಡಿಯಾರದ ನಡುವೆ ಅದು ಸಿಕ್ಕಿತು. ಬೂದು ಬಣ್ಣದ, ಗಟ್ಟಿ ಥರ್ಮಕೋಲಿನಂಥ ಮೈಯ, ಎರಡೂವರೆ ಮೊಳ ಉದ್ದದ ರಿಮೋಟ್ ಜೆಟ್. ಮೂತಿ ಒಡೆದಿತ್ತು. ಬಾಲದ ಒಂದು ರೆಕ್ಕೆ ಇರಲಿಲ್ಲ. ಹೊಟ್ಟೆಯೊಳಗಿನ ಕೊಳವೆಯಲ್ಲಿ ಮುಷ್ಟಿಗಾತ್ರದ ಫ್ಯಾನ್ ಒಂದು ತಿರುಗಲಾರೆನೆಂದು ಕೂತಿತ್ತು. ಅಲ್ಲಲ್ಲಿ ವೈರುಗಳು ಇಣುಕುತ್ತಿದ್ದವು. ಹೇಗೆ ಜೋಡಿಸಬೇಕೆಂದು ಹೇಳುವ ಪುಸ್ತಕ ಇದೆಯೇ ಎಂದು ಗುಮಾಸ್ತರು ಕೇಳಿದರಂತೆ. ಅಂಗಡಿಯವನು, ಪುಸ್ತಕ ಇದ್ದಿದ್ದರೆ ಹಿಂದಿನವರೇ ಹಾರಿಸುತ್ತಿದ್ದರಲ್ಲ ಎಂದನಂತೆ. ಗುಮಾಸ್ತರಿಗೆ ಈ ಉತ್ತರ ನ್ಯಾಯವಾಗಿಯೇ ಕಂಡಿತು. ಅಂಗಡಿಯವನಿಗೆ ಕನಿಕರವಾಗಿ, ಸಾಮಾನನ್ನು ಅಲುಗದಂತೆ ಹಿಡಿದು ಕೂರಿಸುವ ಕಬ್ಬಿಣದ ದೊಡ್ಡ ಇಕ್ಕಳವೊಂದನ್ನೂ ಅದರ ಜೊತೆಗೇ ಗೋಣಿಚೀಲಕ್ಕೆ ಹಾಕಿ ಕೊಟ್ಟ.

ಅದೇ ಬುಧವಾರ ಬೆಳಿಗ್ಗೆ ನಮ್ಮ ಕಟ್ಟಡದ ಪಂಪು ಕೆಟ್ಟಿತು. ಅದೇ ಬುಧವಾರ ನಮ್ಮ ಕಾವಲುಗಾರನಿಗೆ ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಅವನು ಹೋಗುವ ಮುನ್ನ ಪಂಪನ್ನು ಬಿಚ್ಚಿ, ಎಲ್ಲೋ ಕೊಟ್ಟು ಬಂದು, "ಜೆಟ್ ರಿಪೇರಿಗೆ ಕೊಟ್ಟಿದೀನಿ ಸಾರ್, ವಾರದಲ್ಲಿ ಆಗೋಗತ್ತೆ" ಎಂದು ಸಂಘದ ಕಾರ್ಯದರ್ಶಿಗಳಿಗೆ ಹೇಳಿ ಬಸ್ಸು ಹತ್ತಿದ. ಯಾರಿಗೆ ಕೊಟ್ಟೆ ಎಂದು ಕೇಳಬೇಕೆಂದು ಕಾರ್ಯದರ್ಶಿಗಳಿಗೆ ಹೊಳೆಯುವಷ್ಟರಲ್ಲಿ ಅವನ ಫೋನು ಆರಿಹೋಗಿತ್ತು.

ಆ ಸಂಜೆ ಗುಮಾಸ್ತರು ಗೋಣಿಚೀಲ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಭಾರವಿದ್ದದ್ದು ಕಬ್ಬಿಣದ ಇಕ್ಕಳ, ಆದರೆ ಅದು ನೋಡಿದವರಿಗೆ ಹೇಗೆ ಗೊತ್ತಾಗಬೇಕು? ಒಂದನೇ ಮಹಡಿಯಲ್ಲಿ ಬಾಗಿಲ ಬಳಿಯೇ ಹೊಲಿಗೆ ಯಂತ್ರ ಇಟ್ಟುಕೊಂಡು ಇಡೀ ಕಟ್ಟಡದಲ್ಲಿ ಬಂದುಹೋಗುವವರನ್ನು ಗಮನಿಸುವ ಟೈಲರಮ್ಮ, ಅದೇನು ಎಂದು ಕೇಳಿದರು. "ಜೆಟ್ಟು. ರಿಪೇರಿ ಮಾಡ್ಬೇಕು," ಎಂದರು ಗುಮಾಸ್ತರು. ಹತ್ತು ನಿಮಿಷದಲ್ಲಿ ಈ ಸುದ್ದಿ ಹದಿನಾರು ಮನೆಗೂ ಮುಟ್ಟಿತು. ಎಲ್ಲರೂ ಕಾವಲುಗಾರನ ಬುದ್ಧಿಯನ್ನು ಮೆಚ್ಚಿಕೊಂಡರು.

ಗುಮಾಸ್ತರ ಹೆಂಡತಿ ಒಬ್ಬರಿಗೆ ಮಾತ್ರ ಚೀಲದಲ್ಲಿ ಏನಿದೆಯೆಂದು ಗೊತ್ತಿತ್ತು. ಅವರು ನಡುಮನೆಯಲ್ಲಿ ಬಿಚ್ಚಿ ಹರಡಿದ್ದ ವಿಮಾನವನ್ನು ನೋಡಿದರು, ಒಣಗಿದ ನಲ್ಲಿಯನ್ನು ನೋಡಿದರು, ಬಟ್ಟೆ ತುಂಬಿಕೊಂಡರು. "ನೀರು ಬಂದ ದಿನ ಫೋನ್ ಮಾಡಿ. ಅಲ್ಲೀತನಕ ಅಕ್ಕನ ಮನೇಲಿರ್ತೀನಿ" ಎಂದು ಗುರುವಾರ ಬೆಳಿಗ್ಗೆ ಹೊರಟುಹೋದರು. ಹೀಗೆ ನಿಜ ಹೇಳಬಲ್ಲ ಏಕೈಕ ವ್ಯಕ್ತಿ ಕಟ್ಟಡ ಬಿಟ್ಟಂತಾಯಿತು.

ಗುರುವಾರ ಮಧ್ಯಾಹ್ನ ಕಾರ್ಯದರ್ಶಿಗಳು ಗುಮಾಸ್ತರ ಬಾಗಿಲು ತಟ್ಟಿದರು. ಇವರು ನಿವೃತ್ತ ಟಿಕೆಟ್ ಪರೀಕ್ಷಕರು. ಯಾರನ್ನೇ ನೋಡಿದರೂ ಟಿಕೆಟ್ಟಿಲ್ಲದೆ ಹತ್ತಿದವರನ್ನು ನೋಡುವಂತೆ ನೋಡುತ್ತಾರೆ. ಆದರೆ ಆ ದಿನ ಅವರ ಮುಖದಲ್ಲಿ ವಿನಯವಿತ್ತು. ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ವಿಚಾರಿಸಿ, ಅಂದು ನಡೆದ ಮಾತನ್ನು ನಾನು ಅಕ್ಷರಶಃ ಸಂಗ್ರಹಿಸಿದ್ದೇನೆ.

"ಜೆಟ್ ನಿಮ್ಮ ಹತ್ರ ಇದೆಯಂತೆ?"

"ಇದೆ. ಒಳಗೆ ಕರೆಯೋಣ ಅಂದ್ರೆ ಕಾಲಿಡಕ್ಕೆ ಜಾಗ ಇಲ್ಲ. ಎಲ್ಲ ಬಿಚ್ಚಿ ಹಾಕಿದೀನಿ."

"ಬೇಡ ಬೇಡ, ನೀವು ಕೆಲಸ ಮಾಡಿ. ಏನಾಗಿದೆ ಅದಕ್ಕೆ?"

"ಮೂತಿ ಒಡೆದಿದೆ. ಫ್ಯಾನ್ ಸಿಕ್ಕಾಕೊಂಡಿದೆ. ಯಾವ ವೈರು ಎಲ್ಲಿಗೆ ಹೋಗತ್ತೆ ಅಂತ ಇನ್ನೂ ಗೊತ್ತಾಗಿಲ್ಲ."

"ಮೇಲಕ್ಕೆ ಏರತ್ತೆ ತಾನೇ?"

"ಏರಿಸ್ತೀನಿ. ಇದು ನನ್ನ ಮರ್ಯಾದೆ ಪ್ರಶ್ನೆ."

"ನಮ್ಮೆಲ್ಲರ ಮರ್ಯಾದೆ ಪ್ರಶ್ನೆ," ಎಂದರು ಎರಡು ದಿನದಿಂದ ಸ್ನಾನ ಮಾಡಿರದ ಕಾರ್ಯದರ್ಶಿಗಳು, ಮತ್ತು ಗುಮಾಸ್ತರ ಕೈ ಹಿಡಿದು ಕುಲುಕಿದರು.

ಗುಮಾಸ್ತರ ಕಣ್ಣು ಒದ್ದೆಯಾಯಿತಂತೆ. ಇಪ್ಪತ್ತೆರಡು ವರ್ಷ ಪೊಟ್ಟಣ ತೂಗಿದರೂ ಯಾರೂ ಕೈ ಕುಲುಕಿರಲಿಲ್ಲ. ವಿಮಾನ ವಿದ್ಯೆಯನ್ನು ಈ ಕಟ್ಟಡ ಇಷ್ಟು ಗೌರವಿಸುತ್ತದೆ ಎಂದು ಅವರು ಊಹಿಸಿಯೇ ಇರಲಿಲ್ಲ. ಅಂದೇ ಕಚೇರಿಗೆ ರಜೆ ಅರ್ಜಿ ಬರೆದರು. ಕಾರಣ ಎಂಬಲ್ಲಿ 'ಜೆಟ್ ರಿಪೇರಿ' ಎಂದು ನಮೂದಿಸಿದರು. ಪೋಸ್ಟ್ ಮಾಸ್ಟರರ ಮನೆಯಲ್ಲೂ ಬಾವಿಯಿತ್ತು, ಅದಕ್ಕೂ ಜೆಟ್ ಇತ್ತು. ಆ ಕಷ್ಟ ಏನೆಂದು ಬಲ್ಲ ಅವರು ತುಟಿಪಿಟಕ್ಕೆನ್ನದೆ ಸಹಿ ಹಾಕಿದರು.

ಅಲ್ಲಿಂದ ಗುಮಾಸ್ತರ ಸುವರ್ಣಯುಗ ಶುರುವಾಯಿತು. ಬೆಳಿಗ್ಗೆ ಎರಡನೇ ಮಹಡಿಯಿಂದ ಫ್ಲಾಸ್ಕಿನಲ್ಲಿ ಚಹಾ ಬರುತ್ತಿತ್ತು. ಮಧ್ಯಾಹ್ನ ಸರದಿಯ ಮೇಲೆ ಒಂದೊಂದು ಮನೆಯಿಂದ ಊಟದ ಡಬ್ಬಿ. ಕೈಯಲ್ಲಿ ರಿಪೇರಿ ಕೆಲಸವಿರುವ ಮನುಷ್ಯ ಕೆಳಗಿಳಿದು ನೀರು ಸೇದುವುದು ಸರಿಯಲ್ಲವೆಂದು ಸಂಘ ತೀರ್ಮಾನಿಸಿ, ದಿನಕ್ಕೆ ಎರಡು ಬಕೆಟ್ ನೀರು ಅವರ ಬಾಗಿಲಿಗೆ ತಲುಪಿಸುವ ವ್ಯವಸ್ಥೆ ಮಾಡಿತು. ಎದುರು ಮನೆಯವನಾದ್ದರಿಂದ ಆ ವ್ಯವಸ್ಥೆ ನಾನೇ ಆಗಿದ್ದೆ.

ಗುಮಾಸ್ತರು ಅಪೇಕ್ಷಿಸಿದ ಸಾಮಾನುಗಳು ಮಾತ್ರ ನಮ್ಮನ್ನು ಸ್ವಲ್ಪ ತಬ್ಬಿಬ್ಬು ಮಾಡಿದವು. ಬಿಳಿ ಅಂಟು ಕೇಳಿದರು. ಐಸ್ ಕ್ರೀಮ್ ಕಡ್ಡಿ ಕೇಳಿದರು. ಟೈಲರಮ್ಮನ ಬಳಿ ಎರಡು ಗೇಣು ಎಲಾಸ್ಟಿಕ್ ತೆಗೆದುಕೊಂಡರು. ಕೊನೆಗೆ ಹಳೆಯ ಹಲ್ಲುಜ್ಜುವ ಬ್ರಷ್ ಬೇಕೆಂದಾಗ ನಾನು ನನ್ನದನ್ನೇ ಕೊಟ್ಟೆ. ಕಬ್ಬಿಣದ ಪಂಪಿಗೆ ಎಲಾಸ್ಟಿಕ್ ಯಾಕೆ ಎಂದು ನಾನು ಕಾರ್ಯದರ್ಶಿಗಳನ್ನು ಕೇಳಿದೆ. ಈಗಿನ ರಿಪೇರಿ ನಮ್ಮ ಕಾಲದ ಹಾಗಲ್ಲ, ಎಲ್ಲ ಹೊಸ ವಿಧಾನ ಎಂದು ಅವರು ಗಂಭೀರವಾಗಿ ಹೇಳಿದರು. ಗೊತ್ತಿಲ್ಲದ್ದನ್ನು ಗಂಭೀರವಾಗಿ ಹೇಳಿದರೆ ನಾನು ಯಾವಾಗಲೂ ನಂಬುತ್ತೇನೆ.

ಐದನೇ ದಿನ ಗುಮಾಸ್ತರು ಮೆಟ್ಟಿಲ ಮೇಲೆ ಸಿಕ್ಕರು. ನನ್ನ ಎರಡೂ ಕೈಯಲ್ಲಿ ಬಕೆಟ್ ಇತ್ತು, ಅವುಗಳಲ್ಲಿ ಒಂದು ಅವರದ್ದೇ.

"ಆ ಪಂಪ್ ರಿಪೇರಿ ಮಾಡೋನಿಗೆ ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ? ಐದು ದಿನ ಆಯ್ತು, ಜನ ಸಾಯ್ತಿದಾರೆ," ಎಂದರು.

ನಾನು ಅಲ್ಲೇ ನಿಂತೆ. ಈ ಮನುಷ್ಯ ಎಷ್ಟು ನೊಂದಿರಬೇಕು, ತನ್ನನ್ನೇ ಹೀಗೆ ಬೈದುಕೊಳ್ಳುತ್ತಿದ್ದಾನಲ್ಲ ಎಂದು ನನಗೆ ಕರುಳು ಕಿತ್ತುಬಂದಂತಾಯಿತು. "ಹಾಗನ್ಬೇಡಿ. ಅವರ ಕಷ್ಟ ಅವರಿಗೆ. ನಾವ್ಯಾರೂ ಅವರ ಮೇಲೆ ಬೇಜಾರು ಮಾಡ್ಕೊಂಡಿಲ್ಲ," ಎಂದೆ.

"ನಿಮ್ಮಂಥೋರು ಇರೋದ್ರಿಂದಲೇ ಅಂಥೋರು ಬದುಕಿದಾರೆ," ಎಂದು ಗುಮಾಸ್ತರು ತಲೆಯಾಡಿಸುತ್ತ ಮೇಲೆ ಹೋದರು. ಇದಕ್ಕಿಂತ ಹೃದಯ ಮುಟ್ಟುವ ಕೃತಜ್ಞತೆಯನ್ನು ನಾನು ಕೇಳಿರಲಿಲ್ಲ. ಮರುದಿನ ಮೂರನೇ ಬಕೆಟ್ಟನ್ನೂ ತಂದುಕೊಟ್ಟೆ.

ಒಳಗಡೆ ನಡೆಯುತ್ತಿದ್ದ ಕೆಲಸ ಮಾತ್ರ ನಿಜವಾದದ್ದು. ಆ ಮನುಷ್ಯ ಬೆಳಿಗ್ಗೆ ಏಳರಿಂದ ಕತ್ತಲಾಗುವವರೆಗೆ ಚಾಪೆಯ ಮೇಲೆ ಕೂತೇ ಇರುತ್ತಿದ್ದರು. ಒಡೆದ ಮೂತಿಯ ಚೂರುಗಳನ್ನು ಅಂಟಿಸಿ, ಉಜ್ಜಿ, ಮತ್ತೆ ಅಂಟಿಸಿದರು. ಕಾಣೆಯಾದ ಬಾಲದ ರೆಕ್ಕೆಯನ್ನು ಹಳೆಯ ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬರುವ ಥರ್ಮಕೋಲಿನಿಂದ, ಇರುವ ರೆಕ್ಕೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರು. ಎಡದ್ದನ್ನು ನೋಡಿ ಕತ್ತರಿಸಿದ್ದರಿಂದ ಎರಡೂ ಎಡವೇ ಆದವು. ಮತ್ತೊಮ್ಮೆ ಕತ್ತರಿಸಿದರು. ಫ್ಯಾನಿನ ಎಲೆಗಳ ಸಂದಿಯಲ್ಲಿ ಅಂಟಿದ್ದ ಹುಲ್ಲು ಮಣ್ಣನ್ನು ನನ್ನ ಬ್ರಷ್ಷಿನಿಂದ ಬಿಡಿಸಿದರು. ಫ್ಯಾನಿನ ಮೋಟರಿನಿಂದ ಮೂರು ವೈರು ಹೊರಗೆ ಬರುತ್ತಿದ್ದವು, ಅವು ಸೇರಬೇಕಾದ ಡಬ್ಬಿಯಿಂದಲೂ ಮೂರು. ಯಾವುದಕ್ಕೆ ಯಾವುದು ಎಂದು ಎಲ್ಲೂ ಬರೆದಿರಲಿಲ್ಲ. ಅಂಚೆಯಲ್ಲಿ ವಿಳಾಸವಿಲ್ಲದ ಪಾರ್ಸಲ್ ಬಂದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು, ಇಲ್ಲಿ ಗೊತ್ತಿರಲಿಲ್ಲ. ಚೆಂದ ಕಂಡಂತೆ ಸೇರಿಸಿದರು.

ಏಳನೇ ದಿನ ಮಧ್ಯಾಹ್ನ, ಬ್ಯಾಟರಿ ತುಂಬಿಸಿ, ಜೆಟ್ಟನ್ನು ಮೇಜಿನ ಮೇಲಿಟ್ಟು, ರಿಮೋಟಿನ ಕೋಲನ್ನು ಮುಂದಕ್ಕೆ ತಳ್ಳಿದರು. ಕಿವಿ ಹರಿಯುವಂಥ ಸದ್ದು ಎದ್ದಿತು. ವೈರು ಅದಲುಬದಲಾಗಿದ್ದ ಕಾರಣ ಫ್ಯಾನು ಉಲ್ಟಾ ತಿರುಗಿ, ಗಾಳಿ ಮೂತಿಯಿಂದ ಹೊರಟು, ಜೆಟ್ಟು ಹಿಂದಹಿಂದಕ್ಕೆ ಓಡಿ, ಮೇಜಿನ ಅಂಚಿನಿಂದ ಜಾರಿ, ನಾನು ತಂದಿಟ್ಟಿದ್ದ ಮೂರನೇ ಬಕೆಟ್ಟಿನೊಳಗೆ ಬಾಲ ಮುಳುಗಿಸಿ ಬಿತ್ತು.

ಹೊರಗೆ ನಿಂತಿದ್ದ ನನಗೆ ಕೇಳಿಸಿದ್ದು ಇಷ್ಟು: ಮೊದಲು ಮೋಟರಿನ ಸದ್ದು, ಆಮೇಲೆ ನೀರಿನ ಸದ್ದು. "ನೀರು ಬಂತು" ಎಂದು ನಾನು ಮೆಟ್ಟಿಲ ಬಳಿ ನಿಂತು ಕೂಗಿಬಿಟ್ಟೆ. ಹದಿನಾರು ಮನೆಗಳಲ್ಲೂ ನಲ್ಲಿಗಳು ತೆರೆದವು. ಹದಿನಾರು ಮನೆಯವರೂ ನಲ್ಲಿಯ ಕೆಳಗೆ ಪಾತ್ರೆ ಹಿಡಿದು ನಿಂತರು. ನಲ್ಲಿಗಳು ಒಂದೆರಡು ಸಲ ಕೆಮ್ಮಿ ಸುಮ್ಮನಾದವು. ಅಷ್ಟರಲ್ಲಿ ಗುಮಾಸ್ತರು ಮೈಯೆಲ್ಲ ಒದ್ದೆಯಾಗಿ ಹೊರಬಂದು, ಮೋಟರ್ ತಿರುಗಿತು ಆದರೆ ಉಲ್ಟಾ ತಿರುಗಿತು, ಎರಡು ವೈರು ಬದಲಾಯಿಸಿದರೆ ಸರಿಹೋಗುತ್ತದೆ ಎಂದು ಉತ್ಸಾಹದಿಂದ ಹೇಳಿದರು. ಯಾರ ಮನೆಯಲ್ಲಾದರೂ ಕೂದಲು ಒಣಗಿಸುವ ಯಂತ್ರವಿದೆಯೇ, ಜೆಟ್ ಒದ್ದೆಯಾಗಿದೆ ಎಂದೂ ಕೇಳಿದರು. ನೀರಿನ ಪಂಪು ಒದ್ದೆಯಾದರೆ ಒಣಗಿಸಬೇಕಾದ ಅಗತ್ಯವೇನೆಂದು ನನಗೆ ಆಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಟೈಲರಮ್ಮನ ಮಗಳ ಯಂತ್ರವನ್ನು ನಾನೇ ತಂದುಕೊಟ್ಟೆ.

ಒಂಬತ್ತನೇ ದಿನ ಸರ್ಕಾರ ಮಧ್ಯೆ ಬಂತು. ಕಾರ್ಯದರ್ಶಿಗಳು ಟ್ಯಾಂಕರ್ ಕಳಿಸಿ ಎಂದು ನೀರು ಸರಬರಾಜು ಕಚೇರಿಗೆ ಬರೆದಿದ್ದರು. ಅದಕ್ಕೆ ಉತ್ತರವಾಗಿ ಟ್ಯಾಂಕರ್ ಬದಲು ಒಬ್ಬ ಇಂಜಿನಿಯರ್ ಬಂದರು. ಕೈಯಲ್ಲಿ ಫೈಲು, ಕಿವಿಯ ಹಿಂದೆ ಪೆನ್ನು. ಅವರು ಅವಸರದಲ್ಲಿದ್ದರು. ಮೂರು ಮಹಡಿ ಹತ್ತಿ ಉಸಿರು ಕಟ್ಟಿದ್ದರಿಂದ ಹೊಸ್ತಿಲ ಆಚೆಯೇ ಕುರ್ಚಿ ಹಾಕಿಸಿಕೊಂಡು ವಿಚಾರಣೆ ನಡೆಸಿದರು. ಈ ಸಲ ನಾನು ಪಕ್ಕದಲ್ಲೇ ಇದ್ದೆ.

ಪಂಪು ನೀರನ್ನು ಎಷ್ಟು ಎತ್ತರಕ್ಕೆ ತಳ್ಳುತ್ತದೆ ಎಂಬುದನ್ನು ಇಂಜಿನಿಯರುಗಳು ಹೆಡ್ ಎನ್ನುತ್ತಾರಂತೆ. "ಹೆಡ್ ಎಷ್ಟಿದೆ?" ಎಂದು ಅವರು ಕೇಳಿದರು.

"ಒಂದೇ ಸಾರ್. ಅದೂ ಒಡೆದಿತ್ತು, ಅಂಟಿಸಿದೀನಿ," ಎಂದರು ಗುಮಾಸ್ತರು.

ಇಂಜಿನಿಯರ್ ಪೆನ್ನು ನಿಲ್ಲಿಸಿ ಅವರ ಮುಖ ನೋಡಿದರು. ಜೋಡಿಸಿದ ಮೇಲೆ ಜೆಟ್ ಎಷ್ಟು ಅಡಿ ಏರುತ್ತದೆ ಎಂದು ಸರಳವಾಗಿ ಕೇಳಿದರು. ನೂರು ಅಡಿಗೆ ಮೋಸವಿಲ್ಲ ಎಂದು ಉತ್ತರ ಬಂತು. ಕಟ್ಟಡದ ಎತ್ತರ ಐವತ್ತೂ ಇಲ್ಲ. ಇಂಜಿನಿಯರರಿಗೆ ತೃಪ್ತಿಯಾಯಿತು. ಪರೀಕ್ಷೆ ಯಾವಾಗ, ಎಲ್ಲಿ ಎಂದರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ತಾರಸಿಯ ಮೇಲೆ ಎಂದರು ಗುಮಾಸ್ತರು. ಟ್ಯಾಂಕು ತಾರಸಿಯ ಮೇಲೇ ಇರುವುದರಿಂದ ಈ ಉತ್ತರ ಎಲ್ಲರಿಗೂ ಸರಿಯೆನಿಸಿತು. ಇಂಜಿನಿಯರ್ 'ರಿಪೇರಿ ಅಂತಿಮ ಹಂತದಲ್ಲಿದೆ, ಟ್ಯಾಂಕರ್ ಅಗತ್ಯವಿಲ್ಲ' ಎಂದು ಬರೆದು, ಭಾನುವಾರ ತಾವೂ ಬರುವುದಾಗಿ ಹೇಳಿ ಇಳಿದುಹೋದರು.

ಆ ಭಾನುವಾರ ಹತ್ತು ಗಂಟೆಗೆ ನಮ್ಮ ತಾರಸಿ ಹಿಂದೆಂದೂ ಕಾಣದಷ್ಟು ತುಂಬಿತ್ತು. ಹದಿನಾರು ಮನೆಯವರು, ಕೆಲವರ ನೆಂಟರು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಬಂದ ಕೆಲವರು. ಟ್ಯಾಂಕಿನ ಮುಚ್ಚಳ ತೆಗೆದು ಇಂಜಿನಿಯರ್ ಒಳಗೆ ಇಣುಕುತ್ತಿದ್ದರು. ಕಾರ್ಯದರ್ಶಿಗಳು ಒಂದು ಚಿಕ್ಕ ಭಾಷಣ ಬರೆದುಕೊಂಡು ಬಂದಿದ್ದರು. ಷಡ್ಡಕ ಮಾತ್ರ ಇನ್ನೂ ಬಂದಿರಲಿಲ್ಲ. ಗುಮಾಸ್ತರು ಹತ್ತೂಕಾಲರವರೆಗೆ ಕಾದು, ಜನ ಚಡಪಡಿಸುವುದನ್ನು ನೋಡಿ, ಹೊದಿಕೆ ಮುಚ್ಚಿದ ಜೆಟ್ಟನ್ನು ಎರಡು ಕೈಯಲ್ಲಿ ಹೊತ್ತು ಮೆಟ್ಟಿಲ ಬಾಗಿಲಿನಿಂದ ಹೊರಬಂದರು. ಚಪ್ಪಾಳೆ ಬಿತ್ತು. ಇಷ್ಟು ಭಾರದ ಪಂಪನ್ನು ಈ ಸಣ್ಣ ಆಳು ಎಷ್ಟು ಹಗುರವಾಗಿ ಹಿಡಿದಿದ್ದಾರೆ ಎಂದು ಯಾರೋ ಹಿಂದೆ ಮೆಚ್ಚಿ ಮಾತಾಡಿದರು. ಗುಮಾಸ್ತರು ಹೊದಿಕೆ ಎಳೆದರು.

ಬೂದು ಮೈ, ಕೆಂಪು ಗೆರೆ, ಹೊಸ ಬಾಲ. ಬಿಸಿಲಿನಲ್ಲಿ ಅದು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಟ್ಯಾಂಕಿನೊಳಗಿಂದ ತಲೆ ತೆಗೆದ ಇಂಜಿನಿಯರ್ ಒಮ್ಮೆ ವಿಮಾನವನ್ನು, ಒಮ್ಮೆ ತಮ್ಮ ಫೈಲನ್ನು ನೋಡಿದರು.

"ಇದೇನು?" ಎಂದರು ಕಾರ್ಯದರ್ಶಿಗಳು.

"ಜೆಟ್ಟು."

"ನಮ್ಮ ಜೆಟ್ಟೆಲ್ಲಿ?"

"ನಿಮ್ಮದು ಯಾವುದು?" ಎಂದು ಕೇಳುತ್ತಿರುವಾಗಲೇ ಗುಮಾಸ್ತರ ಮುಖದ ಬಣ್ಣ ಇಳಿಯತೊಡಗಿತು. ಕೈ ಕುಲುಕಿದ್ದು, ಚಹಾ, ಡಬ್ಬಿ, ಬಕೆಟ್ಟು, ಒಂದೊಂದೇ ಅವರ ತಲೆಯಲ್ಲಿ ತಿರುಗಿ ನಿಂತು ಇನ್ನೊಂದು ಮುಖ ತೋರಿಸುತ್ತಿರುವುದು ನಮಗೆಲ್ಲ ಕಾಣುತ್ತಿತ್ತು. ಅವರ ತಲೆಯಲ್ಲಿ ಮಾತ್ರವಲ್ಲ, ನಮ್ಮ ತಲೆಯಲ್ಲೂ ಅದೇ ನಡೆದಿತ್ತು. ಎಲಾಸ್ಟಿಕ್ ಯಾಕೆಂದು ನನಗೆ ಆಗ ಗೊತ್ತಾಯಿತು.

ಆಮೇಲೆ ನಡೆದ ಮಾತುಕತೆಯನ್ನು ಪೂರ್ತಿ ಬರೆಯುವುದು ಸಭ್ಯತೆಯಲ್ಲ. ಹನ್ನೊಂದು ದಿನದ ಸ್ನಾನವಿಲ್ಲದ ಸಿಟ್ಟು ಒಮ್ಮೆಗೇ ಹೊರಬಂತು. ಎರಡನೇ ಮಹಡಿಯವರು ತಮ್ಮ ಫ್ಲಾಸ್ಕ್ ವಾಪಸ್ ಕೇಳಿದರು. ಕಾರ್ಯದರ್ಶಿಗಳು ಭಾಷಣದ ಚೀಟಿಯನ್ನು ನಾಲ್ಕು ಚೂರು ಮಾಡಿದರು. ಸರ್ಕಾರಿ ಕಾಗದದಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಏನೇನು ಆಗಬಹುದೆಂದು ಇಂಜಿನಿಯರ್ ವಿವರಿಸಿದರು. ಸ್ವಲ್ಪ ಬಿಡುವಾದಾಗ ಗುಮಾಸ್ತರು, "ನೀವೆಲ್ಲ ಅಷ್ಟೊಂದು ಮಾಡಿದ್ದು ಇದಕ್ಕೇ ಅಂತ ಅಂದ್ಕೊಂಡುಬಿಟ್ಟೆ. ತಪ್ಪಾಯ್ತು," ಎಂದಷ್ಟೇ ಹೇಳಿ, ಹೊದಿಕೆಯನ್ನು ಮತ್ತೆ ಜೆಟ್ಟಿಗೆ ಹೊದಿಸಲು ಬಗ್ಗಿದರು. ಅವರು ಅದನ್ನು ಹೊದಿಸಿದ ರೀತಿ ನೋಡಿ ನನಗೆ ಏನೋ ಒಂಥರಾ ಆಯಿತು.

ಟೈಲರಮ್ಮ ಮುಂದೆ ಬಂದರು. ಅವರು ಬಾಲದ ಹತ್ತಿರ ಕೂತು, ತಮ್ಮ ಎಲಾಸ್ಟಿಕ್ಕನ್ನು ಎಲ್ಲಿ ಬಿಗಿದಿದ್ದಾರೆಂದು ನೋಡಿದರು, ಅಂಟಿಸಿದ ಮೂತಿಯ ಮೇಲೆ ಬೆರಳಾಡಿಸಿದರು. ಕೆಲಸ ಗೊತ್ತಿರುವವರು ಇನ್ನೊಬ್ಬರ ಹೊಲಿಗೆಯನ್ನು ನೋಡುವ ರೀತಿ ಅದು.

"ಹನ್ನೊಂದು ದಿನ ಕೂತು ಮಾಡಿದಾರೆ," ಎಂದರು. "ಹಾರತ್ತಾ ಇಲ್ವಾ ನೋಡೋಣ. ಆಮೇಲೆ ಬೈಯೋಣ."

ಅದು ಯಾಕೋ ಎಲ್ಲರಿಗೂ ಒಪ್ಪಿಗೆಯಾಯಿತು. ಬೈಯುವುದು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ. ಜೆಟ್ಟನ್ನು ಗಾಳಿಗೆ ಎಸೆಯಲು ಒಬ್ಬರು ಬೇಕಿತ್ತು, ಗುಮಾಸ್ತರ ಕೈಯಲ್ಲಿ ರಿಮೋಟ್ ಇತ್ತು. ಅವರ ಕಣ್ಣು ನನ್ನ ಮೇಲೆ ಬಿತ್ತು. ಹಲ್ಲುಜ್ಜುವ ಬ್ರಷ್ ಕೊಟ್ಟ ಮೇಲೆ ಇದೇನು ದೊಡ್ಡದು ಎಂದು ನಾನು ಹೋಗಿ ಅದರ ಹೊಟ್ಟೆ ಹಿಡಿದು ಎತ್ತಿದೆ. ಫ್ಯಾನು ಕಿರುಚಿತು. ಈ ಸಲ ಗಾಳಿ ಹಿಂದಿನಿಂದ ಹೊರಟು ನನ್ನ ಅಂಗಿ ಉಬ್ಬಿಸಿತು. ಗುಮಾಸ್ತರು ತಲೆಯಾಡಿಸಿದರು, ನಾನು ಎಸೆದೆ.

ಅದು ಮೊದಲು ಬಿತ್ತು. ತಾರಸಿಯ ಅಂಚಿನಾಚೆ ಕೆಳಕ್ಕೆ ಮರೆಯಾಯಿತು, ಎಲ್ಲರೂ ಅಂಚಿನ ಕಡೆ ನುಗ್ಗಿದರು. ಮರುಕ್ಷಣ ಎದುರಿನ ಕಟ್ಟಡದ ಗೋಡೆಯ ಮುಂದೆ ಅದು ಮೂತಿ ಎತ್ತಿ ಮೇಲೆ ಬಂತು. ಬಂತು, ನಮ್ಮ ಎತ್ತರಕ್ಕೆ ಬಂತು, ನಮ್ಮನ್ನು ದಾಟಿ ಹೋಯಿತು. ಬಿಸಿಲಿನಲ್ಲಿ ಕೆಂಪು ಗೆರೆ ಒಮ್ಮೆ ಹೊಳೆಯಿತು. ತಾರಸಿಯ ಮೇಲಿದ್ದ ಐವತ್ತು ಜನರ ಗದ್ದಗಳು ಒಟ್ಟಿಗೆ ಮೇಲೆದ್ದವು. ಕಾರ್ಯದರ್ಶಿಗಳ ಬಾಯಿ ತೆರೆದಿತ್ತು. ಇಂಜಿನಿಯರ್ ಫೈಲನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದರು. ಆ ಹೊತ್ತಿನಲ್ಲಿ ಯಾರಿಗೂ ಬಾಯಾರಿಕೆ ಇರಲಿಲ್ಲ.

ತಿರುಗಿಸಿ ತರಲು ಗುಮಾಸ್ತರು ಕೋಲನ್ನು ಎಡಕ್ಕೆ ಒತ್ತಿದರು. ಜೆಟ್ಟು ಬಲಕ್ಕೆ ಹೋಯಿತು. ಇನ್ನಷ್ಟು ಎಡಕ್ಕೆ ಒತ್ತಿದರು. ಅದು ಇನ್ನಷ್ಟು ಬಲಕ್ಕೆ ಹೋಗಿ, ಎರಡು ಬೀದಿ ದಾಟಿ, ಒಂದು ತಗಡಿನ ಛಾವಣಿಯ ಮೇಲೆ ಢಣ್ ಎಂದು ಕೂತಿತು.

"ಹನ್ನೊಂದು ಸೆಕೆಂಡು," ಎಂದರು ಕಾರ್ಯದರ್ಶಿಗಳು, ಗಡಿಯಾರ ನೋಡಿಕೊಂಡು. ರೈಲಿನವರಿಗೆ ಈ ಅಭ್ಯಾಸ ಹೋಗುವುದಿಲ್ಲ.

ಬೈಯಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಗುಮಾಸ್ತರು ಮುಂದೆ, ನಾವೆಲ್ಲ ಹಿಂದೆ, ಟವೆಲ್ಲಿನವರೂ ಸೇರಿ ಮೆಟ್ಟಿಲಿಳಿದು ಓಡಿದೆವು. ಆ ತಗಡಿನ ಕೆಳಗೆ ಮೋಟರ್ ರಿಪೇರಿಯ ಒಂದು ಅಂಗಡಿಯಿತ್ತು. ಮೆಕ್ಯಾನಿಕ್ ಹೊರಗೆ ನಿಂತು ತನ್ನ ಛಾವಣಿಯನ್ನು ನೋಡುತ್ತಿದ್ದ. ಇಷ್ಟು ಜನ ಓಡಿಬರುವುದನ್ನು ಕಂಡು ಒಂದು ಸ್ಪಾನರ್ ಕೈಗೆ ತೆಗೆದುಕೊಂಡ. ಗುಮಾಸ್ತರು ಏದುಸಿರಿನಲ್ಲಿ, ಎರಡು ಬೀದಿ ಆಚೆಯ ಹದಿನಾರು ಮನೆಯ ಕಟ್ಟಡದವರು ನಾವು, ನಮ್ಮ ಜೆಟ್ ನಿಮ್ಮಲ್ಲಿದೆ ಎಂದರು.

ಮೆಕ್ಯಾನಿಕ್ ಸ್ಪಾನರ್ ಕೆಳಗಿಟ್ಟ. "ಈಗ ಬಂದ್ರಾ? ಅದು ರೆಡಿಯಾಗಿ ಒಂಬತ್ತು ದಿನ ಆಯ್ತು. ನಿಮ್ಮ ಕಾವಲುಗಾರ ಹೇಳ್ಲಿಲ್ವಾ?" ಎಂದು, ಮೂಲೆಯ ಗೋಣಿತಾಟನ್ನು ಸರಿಸಿದ. ನಮ್ಮ ಪಂಪು ಹೊಸ ಹಸಿರು ಬಣ್ಣ ಬಳಿಸಿಕೊಂಡು ಅಲ್ಲಿ ಕೂತಿತ್ತು.

ಒಂದು ತಳ್ಳುಗಾಡಿಯಲ್ಲಿ ಎರಡೂ ಜೆಟ್ಟುಗಳನ್ನು ಇಟ್ಟುಕೊಂಡು ನಾವು ಮೆರವಣಿಗೆಯಂತೆ ವಾಪಸಾದೆವು. ಚಿಕ್ಕದರ ಮೂತಿ ಮತ್ತೆ ಒಡೆದಿತ್ತು, ಒಂದು ರೆಕ್ಕೆ ಬಾಗಿತ್ತು. ದೊಡ್ಡದನ್ನು ಕೂರಿಸಲು ಇಂಜಿನಿಯರ್ ಅಂಗಿ ತೋಳು ಮಡಿಸಿ ತಾವೇ ಕೈ ಹಾಕಿದರು. ಒಂದೂವರೆ ಗಂಟೆಗೆ ಟ್ಯಾಂಕು ತುಂಬತೊಡಗಿತು. ಏಳನೇ ದಿನ ತೆರೆದ ನಲ್ಲಿಗಳನ್ನು ಮುಚ್ಚದೆ ಬಿಟ್ಟವರು ಮೂವರಿದ್ದರು, ಅವರ ಮನೆಗಳಿಂದ ನೀರು ಮೆಟ್ಟಿಲಿಳಿದು ಬಂತು. ಯಾರೂ ಬೈಯಲಿಲ್ಲ. ಕೆಲವರು ಆ ನೀರಿನಲ್ಲೇ ಕಾಲು ತೊಳೆದುಕೊಂಡರು. ಗುಮಾಸ್ತರು ಹೆಂಡತಿಗೆ ಫೋನ್ ಮಾಡಿ ನೀರು ಬಂತೆಂದು ಹೇಳಿದರು.

ನಾಲ್ಕು ಗಂಟೆಗೆ ಷಡ್ಡಕನ ಕಾರು ಬಂತು. ದಾರಿಯಲ್ಲಿ ಚಕ್ರ ಪಂಕ್ಚರ್ ಆಯಿತೆಂದು ಹೇಳುತ್ತ ಇಳಿದ ಅವನ ಹಿಂದೆ ಗುಮಾಸ್ತರ ಹೆಂಡತಿ ಬಟ್ಟೆಯ ಚೀಲ ಹಿಡಿದು ಇಳಿದರು. ಗುಮಾಸ್ತರು ಮೆಟ್ಟಿಲ ಬುಡದಲ್ಲಿ ಮುರಿದ ಜೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಷಡ್ಡಕ ಅದನ್ನು ನೋಡಿ ಮುಗುಳ್ನಗುತ್ತ, ಇದೇನಾ ಹಾರುವ ಜೆಟ್ ಎಂದು ಕೇಳಿದ.

ಗುಮಾಸ್ತರು ಬಾಯಿ ತೆರೆಯುವ ಮೊದಲೇ ಒಂದನೇ ಮಹಡಿಯಿಂದ ಉತ್ತರ ಬಂತು. ಅದು ಟ್ಯಾಂಕಿನ ಸುತ್ತ ಮೂರು ಸುತ್ತು ಹಾಕಿತೆಂದು ಟೈಲರಮ್ಮ ಹೊಲಿಗೆ ನಿಲ್ಲಿಸದೆಯೇ ಹೇಳಿದರು. ನಾಲ್ಕು ಸುತ್ತ್ರೀ, ನಾನು ಎಣಿಸಿದೀನಿ ಎಂದು ಕಾರ್ಯದರ್ಶಿಗಳು ತಿದ್ದಿದರು. ಒದ್ದೆ ತಲೆಯ ಎರಡನೇ ಮಹಡಿಯವರು, ಒಮ್ಮೆ ಅದು ತಲೆಕೆಳಗಾಗಿಯೂ ಹಾರಿತೆಂದರು. ಕೈ ತೊಳೆಯುತ್ತಿದ್ದ ಇಂಜಿನಿಯರ್, ಇಲಾಖೆಯ ಪರವಾಗಿ ತಾವು ನೂರು ಅಡಿ ಎತ್ತರವನ್ನು ದೃಢೀಕರಿಸಲು ಸಿದ್ಧ ಎಂದರು. ನನ್ನ ಪಾಲಿಗೆ ಉಳಿದದ್ದು ಸಮಯ ಒಂದೇ. ಏಳು ನಿಮಿಷ ಎಂದೆ.

ಷಡ್ಡಕನ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಇನ್ನೊಮ್ಮೆ ಹಾರಿಸಿ ತೋರಿಸಬಹುದೇ ಎಂದು ಕೇಳಿದ. ಅದಕ್ಕೆ ಸಂಘದ ಸಭೆ ಕರೆಯಬೇಕು, ಹದಿನೈದು ದಿನ ಮುಂಚೆ ನೋಟಿಸ್ ಕೊಡಬೇಕು ಎಂದರು ಕಾರ್ಯದರ್ಶಿಗಳು, ಅವನ ಬಳಿ ಟಿಕೆಟ್ ಇಲ್ಲವೆಂಬಂತೆ ನೋಡುತ್ತ. ಷಡ್ಡಕ ಗುಮಾಸ್ತರ ಪಕ್ಕದ ಮೆಟ್ಟಿಲ ಮೇಲೆ ಕೂತು, ಹಾರಿಸುವುದು ಬಹಳ ಕಷ್ಟವೇ ಎಂದು ಮೆಲ್ಲಗೆ ವಿಚಾರಿಸಿದ. ತನ್ನ ಡ್ರೋನು ಹೋದ ವಾರ ಮರಕ್ಕೆ ಸಿಕ್ಕಿದ್ದು ಇನ್ನೂ ಅಲ್ಲೇ ಇದೆಯೆಂದೂ ಒಪ್ಪಿಕೊಂಡ. ಗುಮಾಸ್ತರು ಮುರಿದ ಮೂತಿಯನ್ನು ಸವರುತ್ತ ಕೂತಿದ್ದರು. ನಾವೆಲ್ಲ ಕಣ್ಣಿನಲ್ಲೇ ಅವರಿಗೆ ಬಾಯಿ ಬಿಡಬೇಡಿ ಎಂದು ಸನ್ನೆ ಮಾಡುತ್ತಿದ್ದೆವು.

ಹೆಂಡತಿ ಮೊದಲು ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿ ಬಂದರು. ಆಮೇಲೆ ಗಂಡನ ಎದುರು ನಿಂತು, ನಮ್ಮೆಲ್ಲರ ಸಾಕ್ಷ್ಯವನ್ನೂ ಬದಿಗೆ ತಳ್ಳಿ, ನಿಜ ಹೇಳಿ, ಎಷ್ಟು ಹೊತ್ತು ಹಾರಿತು ಎಂದು ಕೇಳಿದರು.

"ಹನ್ನೊಂದು ಸೆಕೆಂಡು," ಎಂದರು ಗುಮಾಸ್ತರು.

ಕಾರ್ಯದರ್ಶಿಗಳು ಹಣೆ ಚಚ್ಚಿಕೊಂಡರು. ಹೆಂಡತಿ ಜೆಟ್ಟನ್ನು ಅವರ ತೊಡೆಯಿಂದ ಎತ್ತಿಕೊಂಡು, ಬಾಗಿದ ರೆಕ್ಕೆಯನ್ನು ನೋಡಿದರು, ಅಂಟಿನ ಗೆರೆಗಳನ್ನು ನೋಡಿದರು.

"ನೀರು ಬಂತು ಅಂತ ಫೋನ್ ಮಾಡಿದ್ರಿ," ಎಂದರು. "ಇದು ಹಾರಿತು ಅಂತ ಮಾಡ್ಬೇಕಿತ್ತು."